ಉಬ್ಬಿದ ಪಿಕ್ಚರು, ಮುಳುಗಿದ ಪಿಕ್ಚರು

ಕುರ್ಲಾದ ನಮ್ಮ ಚಾಳಿನಲ್ಲಿ ಖೋಲಿ ಎಂದರೆ ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ಅದರಲ್ಲೇ ದೇವರು. ಒಂದು ಮೂಲೆಗೆ ಮೊಣಕಾಲೆತ್ತರದ ಕಟ್ಟೆ ಕಟ್ಟಿ ಅವ್ವನ ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದರು. ಅದು ನಮ್ಮ ಮೋರಿ, ಮೈ ತೊಳೆಯುವುದಕ್ಕೂ ಪಾತ್ರೆ ತೊಳೆಯುವುದಕ್ಕೂ ಅದೇ. ಅಪ್ಪ ಗೇಟು, ಗ್ರಿಲ್ಲು ಮಾಡುವ ಸಣ್ಣ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದ. ವಾರವೆಲ್ಲ ಅವನ ಮೈಯಿಂದ ಸುಟ್ಟ ಕಬ್ಬಿಣದ ವಾಸನೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಮಾತ್ರ ಅವನು ಬಹಳ ಹೊತ್ತು ಮೋರಿಯಲ್ಲಿ ಕೂತು ಉಜ್ಜಿ ಉಜ್ಜಿ ತೊಳೆದುಕೊಂಡು, ಬಿಳಿ ಬನಿಯನ್ನು ಹಾಕಿ, ಬೇರೆ ಮನುಷ್ಯನಾಗಿ ಹೊರಗೆ ಬರುತ್ತಿದ್ದ. ಅಷ್ಟರಲ್ಲಿ ಅವ್ವನ ರೊಟ್ಟಿ ಬಡಿಯುವ ಸದ್ದು ಶುರುವಾಗಿರುತ್ತಿತ್ತು. ಅತ್ತಿತ್ತಲಿನ ಖೋಲಿಗಳಿಂದ ಮೀನಿನ ವಾಸನೆ, ನಮ್ಮದರಿಂದ ಜೋಳದ ರೊಟ್ಟಿ ಮತ್ತು ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಊಟ ಮುಗಿದು, ಎಲೆಅಡಿಕೆ ಹಾಕಿಕೊಂಡು ಅಪ್ಪ ಗೋಡೆಗೆ ಒರಗಿದನೆಂದರೆ ಅವನ ಇಬ್ಬರು ಗೆಳೆಯರು ಬರುವ ಹೊತ್ತಾಯಿತು ಎಂದೇ ಅರ್ಥ.

ಒಬ್ಬ ಬಸವಂತಪ್ಪ ಕಾಕಾ. ನಮ್ಮ ಕಡೆಯವನೇ, ವಿಜಾಪುರದ ಹತ್ತಿರದ ಹಳ್ಳಿಯವನು, ಬಿಲ್ಡಿಂಗ್ ಕೆಲಸದಲ್ಲಿ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಇನ್ನೊಬ್ಬರು ಶೆಟ್ಟರು. ಮೊದಲು ನಮ್ಮ ಚಾಳಿನಲ್ಲೇ ಇದ್ದವರು, ಮಾಟುಂಗದ ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂರುವ ಕೆಲಸ ಸಿಕ್ಕ ಮೇಲೆ ಅಲ್ಲಿಗೇ ಹೋದರು. ಆದರೂ ಭಾನುವಾರ ಲೋಕಲ್ ಹತ್ತಿ ಬರುವುದನ್ನು ಬಿಡಲಿಲ್ಲ. ಮೂವರನ್ನೂ ಕೂಡಿಸಿದ್ದು ಸಿನಿಮಾ. ಅವರ ವಾದ ಯಾವಾಗಲೂ ಒಂದೇ: ಯಾವ ಪಿಕ್ಚರು ಯೋಗ್ಯತೆ ಇಲ್ಲದೆ ಮೇಲೆ ಹೋಯಿತು, ಯಾವುದು ಯೋಗ್ಯತೆ ಇದ್ದೂ ನೆಲ ಹಿಡಿಯಿತು. ಈಗ ಪವಾಯಿಯ ನನ್ನ ಮನೆಯಲ್ಲಿ ಮಗಳು ಮತ್ತು ಅವಳ ಗೆಳತಿಯರು ಓವರ್‌ರೇಟೆಡ್, ಅಂಡರ್‌ರೇಟೆಡ್ ಎಂದು ಕಿತ್ತಾಡುವುದನ್ನು ಕೇಳಿದಾಗ, ನಮ್ಮ ಖೋಲಿಯಲ್ಲಿ ಅದಕ್ಕೆ ಎರಡು ಕನ್ನಡ ಮಾತುಗಳಿದ್ದವು ಎಂದು ಹೇಳಬೇಕೆನ್ನಿಸುತ್ತದೆ. ಉಬ್ಬಿದ್ದು ಮತ್ತು ಮುಳುಗಿದ್ದು. ಬಸವಂತಪ್ಪ ಕಾಕಾನ ಪ್ರಕಾರ ಉಬ್ಬಿದ್ದು ಎಂಬುದೇ ಇರಲಿಲ್ಲ. ಜನ ಮುಗಿಬಿದ್ದು ನೋಡಿದರೆಂದರೆ ಅದು ಚಲೋ ಪಿಕ್ಚರೇ. ಶೆಟ್ಟರಿಗೆ ಖಾಲಿ ಥಿಯೇಟರಿನಲ್ಲಿ ಕೂತು ನೋಡಿದ್ದರ ಮೇಲೇ ಪ್ರೀತಿ.

"ಥಿಯೇಟರ್ ತುಂಬಿತು ಅಂತ ಹೇಳಿ ಪಿಕ್ಚರ್ ಒಳ್ಳೇದು ಆಗ್ತದಾ ಮಾರಾಯ್ರೆ? ನಮ್ಮ ಹೋಟೆಲಿಗೂ ಜನ ತುಂಬ್ತಾರೆ. ಸಾಂಬಾರಿನ ಕತೆ ನನಗೆ ಗೊತ್ತುಂಟು."

"ಏ, ನೀವ್ ಸುಮ್ಮನ ಕುಂದರ್ರಿ ಶೆಟ್ರ. ಸಾವಿರಾರ ಮಂದಿ ಅತ್ತಾರಂದ್ರ ಅವರೆಲ್ಲಾ ಹುಚ್ಚರೇನು?"

ಅಪ್ಪ ನಡುವೆ ಕೂತು ತೀರ್ಪು ಹೇಳುತ್ತಿದ್ದ. ಅವನಿಗೆ ಸಿನಿಮಾ ಬರೀ ಮನರಂಜನೆಯಾಗಿರಲಿಲ್ಲ. ಮೀಸೆ ಮೂಡುವ ಮುಂಚೆ ಈ ಊರಿಗೆ ಬಂದವನು, ಹಿಂದಿಯ ಒಂದು ಅಕ್ಷರ ಬಾರದವನು, ಪಿಕ್ಚರು ನೋಡಿ ನೋಡಿಯೇ ಮಾತು ಕಲಿತೆ ಎನ್ನುತ್ತಿದ್ದ. ಮಾಲೀಕನೆದುರು ಹೇಗೆ ನಿಲ್ಲಬೇಕು, ಪೊಲೀಸ ಕೇಳಿದರೆ ಏನು ಹೇಳಬೇಕು, ಸತ್ತವನ ಮನೆಗೆ ಹೋದರೆ ಅವನ ಹೆಂಡತಿಗೆ ಯಾವ ಮಾತಿನಲ್ಲಿ ಸಮಾಧಾನ ಮಾಡಬೇಕು, ಎಲ್ಲವನ್ನೂ ಅವನು ಕತ್ತಲ ಥಿಯೇಟರಿನಲ್ಲಿ ಕಲಿತಿದ್ದ. ಆದ್ದರಿಂದ ಅವನ ಮೆಚ್ಚಿನ ಪಿಕ್ಚರನ್ನು ಯಾರಾದರೂ ಸುಳ್ಳು ಎಂದರೆ ತನ್ನನ್ನೇ ಸುಳ್ಳ ಎಂದಂತೆ ಮುಖ ಕೆಂಪಾಗುತ್ತಿತ್ತು. ಈ ವಾದದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ. ಅವ್ವ ಒಲೆಯ ಕಡೆ ಮುಖ ಮಾಡಿ ಚಹಾ ಸೋಸುತ್ತಿದ್ದಳು, ಅಷ್ಟೇ.

ನಾನು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಕಸ್ತೂರಿ ಚಿಗವ್ವ ಸೋಲಾಪುರದಿಂದ ನಮ್ಮ ಮನೆಗೆ ಬಂದಳು. ಅವ್ವನ ಬೆನ್ನ ಹಿಂದೆ ಹುಟ್ಟಿದ ತಂಗಿ. ಮದುವೆಯಾಗಿ ಮೂರ್ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದೇ ಒಂದು ರೆಕ್ಸಿನ್ ಚೀಲ ಹಿಡಿದುಕೊಂಡು, ಬೆಳಗಿನ ನಲ್ಲಿ ನೀರಿನ ಗದ್ದಲದಲ್ಲಿ ಖೋಲಿಗಳ ಮುಂದಿನ ಉದ್ದನೆಯ ಗ್ಯಾಲರಿಯ ತುದಿಗೆ ಬಂದು ನಿಂತಿದ್ದಳು. ಅವ್ವ ತುಂಬಿದ ಕೊಡವನ್ನು ಕೆಳಗಿಟ್ಟು ಅವಳ ಮುಖ ನೋಡಿದಳು. "ಬಾ, ಕಾಲ ತೊಳಕೋ" ಎಂದಳು. ಅಪ್ಪನಿಗೆ ಹೇಳಿದ್ದು, ಸ್ವಲ್ಪ ದಿನ ಇರಲಿಕ್ಕೆ ಬಂದಿದ್ದಾಳೆ ಎಂದು. ರಾತ್ರಿ ಅವಳು, ನಾನು ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು. ಒಮ್ಮೆ ಮೋರಿಯಲ್ಲಿ ಅವಳ ಬೆನ್ನಿಗೆ ನೀರು ಹಾಕಲು ಅವ್ವ ನನ್ನನ್ನು ಕಳಿಸಿದಳು. ಬೆನ್ನ ತುಂಬ ಬೆಲ್ಟಿನ ಬಕಲಿನ ಚೌಕದ ಗುರುತುಗಳಿದ್ದವು. ಕೆಲವು ಕಪ್ಪಾಗಿ ಹಳೆಯವಾಗಿದ್ದವು, ಕೆಲವು ಇನ್ನೂ ಹಸಿ. ನಾನು ತಂಬಿಗೆ ಹಿಡಿದು ಹಾಗೇ ನಿಂತೆ.

"ಹಾಕು, ನೀರ ಆರತೈತಿ," ಎಂದಳು ಚಿಗವ್ವ, ತಿರುಗಿ ನೋಡದೆ.

ಅಂಥ ಸಂಗತಿಗಳನ್ನು ನಮ್ಮ ಮನೆಯಲ್ಲಿ ಗಂಡಸರಿಗೆ ಹೇಳುವ ರೂಢಿ ಇರಲಿಲ್ಲ. ಅಪ್ಪನಿಗೆ ಗೊತ್ತಿದ್ದದ್ದು ಇಷ್ಟೇ: ಗಂಡನ ಜೊತೆ ಏನೋ ಜಗಳವಾಗಿದೆ, ತಣ್ಣಗಾದ ಮೇಲೆ ಹೋಗುತ್ತಾಳೆ. ಆದರೆ ವಾರಗಳು ಕಳೆದರೂ ಅವಳು ಹೋಗುವ ಮಾತೆತ್ತಲಿಲ್ಲ. ಊರಿನಿಂದ ದೊಡ್ಡಪ್ಪ ಅಪ್ಪನಿಗೆ ವರ್ಕ್‌ಶಾಪಿನ ಫೋನಿಗೆ ಫೋನು ಮಾಡಿದ. ಗಂಡನನ್ನು ಬಿಟ್ಟವಳನ್ನು ಮನೆಯಲ್ಲಿಟ್ಟುಕೊಂಡರೆ ನಾಳೆ ನಿನ್ನ ಮಗಳನ್ನು ಯಾರು ಕೇಳುತ್ತಾರೆ ಎಂದನಂತೆ. ಆ ಮಗಳು ನಾನು. ಅಪ್ಪ ಆ ದಿನ ಊಟಕ್ಕೆ ಕೂತು ನನ್ನನ್ನೇ ಬಹಳ ಹೊತ್ತು ನೋಡಿದ್ದು ನೆನಪಿದೆ.

ಅದೇ ಹೊತ್ತಿಗೆ ಆ ದೊಡ್ಡ ಪಿಕ್ಚರು ಬಂದದ್ದು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನು ಪ್ರೀತಿಸುವವರಿಗೆ ನೋವಾಗುತ್ತದೆ. ಗಂಡ ಅನುಮಾನಪಟ್ಟು ಹೆಂಡತಿಯನ್ನು ಹೊರಗೆ ಹಾಕುತ್ತಾನೆ. ಆಕೆ ಯಾರದೋ ಮನೆಯ ಮುಸುರೆ ತಿಕ್ಕುತ್ತಾಳೆ, ಅವನ ಹೆಸರಿನ ಉಪವಾಸ ಮಾತ್ರ ಬಿಡುವುದಿಲ್ಲ. ಕೊನೆಗೆ ಅವನಿಗೆ ಅಪಘಾತವಾಗಿ, ಆಕೆಯ ರಕ್ತದಿಂದಲೇ ಬದುಕಿ, ಅತ್ತು ಅವಳ ಕಾಲು ಹಿಡಿಯಲು ಬಗ್ಗುತ್ತಾನೆ. ಆಕೆ ಕೈ ಹಿಡಿದು ತಡೆಯುತ್ತಾಳೆ. ಗಂಟೆ, ಶಂಖ, ಕುಂಕುಮ. ತಿಂಗಳುಗಟ್ಟಲೆ ಹೌಸ್‌ಫುಲ್. ಪಕ್ಕದ ಖೋಲಿಯ ಮರಾಠಿ ಮಾವಶಿ ಎರಡು ಸಲ ನೋಡಿ ಬಂದು, ಚಿಗವ್ವನ ಗದ್ದ ಹಿಡಿದು, "ಬಘ್ ಗ ಬಾಯಿ, ಸಂಸಾರ ಅಸಾ ಅಸ್ತೋ" ಎಂದಳು. ನೋಡು, ಸಂಸಾರ ಅಂದರೆ ಹೀಗಿರುತ್ತೆ ಎಂದು. ಅಪ್ಪ ಆ ಪಿಕ್ಚರು ನೋಡಿ ಬಂದ ದಿನ ಅವನ ಕಣ್ಣುಗಳು ಊದಿಕೊಂಡಿದ್ದವು. ಇಷ್ಟು ವರ್ಷದಲ್ಲಿ ಬಸವಂತಪ್ಪ ಕಾಕಾನೂ ಅಪ್ಪನೂ ಮರುಮಾತಿಲ್ಲದೆ ಒಪ್ಪಿದ ಪಿಕ್ಚರು ಅದೊಂದೇ.

ಸೋಲಾಪುರದಿಂದ ಸುದ್ದಿ ಬಂತು: ಚಿಗವ್ವನ ಗಂಡನ ಅಣ್ಣ ಮುಂದಿನ ಭಾನುವಾರ ಕರೆದೊಯ್ಯಲು ಬರುತ್ತಾನೆ. ಮರುದಿನ ಸಂಜೆ ಅಪ್ಪ ಮೂರು ಟಿಕೆಟು ತಂದು ದೇವರ ಜಗುಲಿಯ ಮೇಲಿಟ್ಟ.

"ಕಸ್ತೂರಿನ್ನ ಕರಕೊಂಡ ಹೋಗಿ ತೋರಿಸ್ಕೊಂಡ ಬಾ," ಎಂದ ಅವ್ವನಿಗೆ. "ನಾ ಹೇಳಿದ್ರ ಬ್ಯಾರೆ. ಅದನ್ನ ನೋಡಿದ್ರ ಆಕಿಗೇ ತಿಳೀತೈತಿ."

ಅವನು ಅದನ್ನು ಕ್ರೂರವಾಗಿ ಹೇಳಲಿಲ್ಲ. ತನಗೆ ಗೊತ್ತಿದ್ದ ಅತಿ ಒಳ್ಳೆಯ ಔಷಧಿಯನ್ನು ತಂದಿಟ್ಟವನ ಹಾಗೆ ಹೇಳಿದ.

ಬುಧವಾರ ಮಧ್ಯಾಹ್ನದ ಆಟಕ್ಕೆ ಹೋದೆವು. ನಡುವೆ ನಾನು, ಆಚೆ ಈಚೆ ಅವ್ವ ಮತ್ತು ಚಿಗವ್ವ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಥಿಯೇಟರಿನ ತುಂಬ ಮೂಗು ಸೇದುವ ಸದ್ದು. ಅವ್ವ ಸೆರಗಿನ ತುದಿಯಿಂದ ಕಣ್ಣೊರೆಸಿ ಅದೇ ತುದಿಯಿಂದ ನನ್ನ ಮುಖವನ್ನೂ ಒರೆಸಿದಳು. ಚಿಗವ್ವ ಮಾತ್ರ ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಡಾಕ್ಟರರ ಬಳಿ ತನ್ನ ಸರತಿಗೆ ಕಾದು ಕೂತವಳ ಹಾಗೆ ಕೂತಿದ್ದಳು. ಪರದೆಯ ಬೆಳಕು ಅವಳ ಮುಖದ ಮೇಲೆ ಹಾದುಹೋಗುತ್ತಿತ್ತು; ಆ ಮುಖದಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಹೊರಗೆ ಬಂದು ಸ್ಟೇಷನ್ನಿನ ಸೇತುವೆ ಹತ್ತುವಾಗ ಅವಳು ಕೇಳಿದಳು.

"ಅಕ್ಕಾ, ಮರುದಿನ ಏನಾಗಿರಬೇಕು?"

"ಯಾವ ಮರುದಿನ?"

"ಆಕಿ ಮನಿಗೆ ಹೋದ್ಲಲ್ಲ. ಅದರ ಮರುದಿನ ಮುಂಜಾನಿ. ಚಾಕ್ಕ ಸಕ್ರಿ ಕಡಿಮಿ ಆತಂದ್ರ?"

ಅವ್ವ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಹಿಂದಿನಿಂದ ಜನ ಬೈದು ತಳ್ಳುತ್ತಿದ್ದರು. ಆಮೇಲೆ ತಂಗಿಯ ಕೈ ಹಿಡಿದುಕೊಂಡು ಹತ್ತಿದಳು. ಮನೆಯವರೆಗೂ ಆ ಕೈ ಬಿಡಲಿಲ್ಲ. ನನ್ನ ಕಣ್ಣಲ್ಲಿ ಇನ್ನೂ ನೀರಿತ್ತು. ಅದು ಯಾರಿಗಾಗಿ ಎಂದು ನನಗೆ ಮೊದಲ ಸಲ ಅನುಮಾನವಾದದ್ದು ಆ ಸೇತುವೆಯ ಮೇಲೆ.

ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. "ಹೆಂಗಿತ್ತು?" ಎಂದ. ಚಿಗವ್ವ ಒಳಗೆ ಹೋಗಿ ಅಕ್ಕಿ ಆರಿಸಲು ಕೂತಳು. ಅವ್ವ ಚಪ್ಪಲಿ ಬಿಡುತ್ತ, ನಾನು ಹಿಂದೆಂದೂ ಕೇಳಿರದ ದನಿಯಲ್ಲಿ ಹೇಳಿದಳು:

"ಲಗ್ನಾದ ಹೊಸದಾಗ ನನ್ನ ಒಂದ ಪಿಕ್ಚರಿಗೆ ಕರಕೊಂಡ ಹೋಗಿದ್ರಿ. ನೆನಪೈತೇನು? ಥಿಯೇಟರದಾಗ ಹತ್ತ ಮಂದಿನೂ ಇರಲಿಲ್ಲ."

"ಅದಽ? ಗಂಡನ ಮನಿ ಬಿಟ್ಟ ಹೋಗೂ ಹೆಂಗಸಿಂದು. ಥೂ, ಅದೂ ಒಂದ ಪಿಕ್ಚರೇನು!"

"ಇಂಟರ್ವಲ್‌ಕ್ಕ ಎಬ್ಬಿಸ್ಕೊಂಡ ಬಂದ್ರಿ. ನಾ ನೋಡ್ತೀನಿ ಅಂದ್ರೂ ಬಿಡಲಿಲ್ಲ."

ಅವ್ವ ಪರದೆ ಸರಿಸಿ ಮೋರಿಗೆ ಹೋಗಿ ಕಾಲಿಗೆ ನೀರು ಹಾಕಿಕೊಂಡಳು. ಆ ವಾರವಿಡೀ ಅವರಿಬ್ಬರೂ ಅಕ್ಕಿ, ಎಣ್ಣೆ, ನೀರು ಎಂಬಷ್ಟೇ ಮಾತಾಡಿದರು.

ಭಾನುವಾರ ಬಂತು. ಶೆಟ್ಟರು, ಬಸವಂತಪ್ಪ ಕಾಕಾ ಎಂದಿನಂತೆ ಬಂದರು. ಬರುವ ಬೀಗರ ಎದುರು ಇಬ್ಬರು ಹಿರಿಯರಿರಲಿ ಎಂದು ಅಪ್ಪನೂ ಬಯಸಿದ್ದ. ರೆಕ್ಸಿನ್ ಚೀಲವನ್ನು ಯಾರೋ ಬಾಗಿಲ ಬಳಿ ತಂದಿಟ್ಟಿದ್ದರು, ಅಪ್ಪನೇ ಇರಬೇಕು. ಕಾಯುವ ಹೊತ್ತಿಗೆ ಮಾತು ಬೇಕಲ್ಲ, ಬಸವಂತಪ್ಪ ಕಾಕಾ ದೊಡ್ಡ ಪಿಕ್ಚರಿನ ಗುಣಗಾನ ಶುರು ಮಾಡಿದ. ಶೆಟ್ಟರು ತಡೆಯಲಾರದೆ, ಅದು ಉಬ್ಬಿದ್ದೇ ಎಂದರು. ಅದೇ ಸಂಗತಿಯನ್ನು ಹಿಂದೊಂದು ಸಣ್ಣ ಪಿಕ್ಚರು ಇದಕ್ಕಿಂತ ಚೆನ್ನಾಗಿ ಹೇಳಿತ್ತು, ಒಂದೇ ವಾರಕ್ಕೆ ಎತ್ತಿಬಿಟ್ಟರು ಎಂದರು. ಗಂಡನ ಮನೆ ಬಿಟ್ಟ ಹೆಂಗಸಿನದು.

ಒಲೆಯ ಕಡೆಯಿಂದ ಅವ್ವನ ದನಿ ಬಂತು.

"ಅಣ್ಣಾರ, ಆಮ್ಯಾಲ ಆಕಿ ಏನಾದ್ಲು?"

ಮೂವರೂ ತಿರುಗಿ ನೋಡಿದರು. ಇಷ್ಟು ವರ್ಷದಲ್ಲಿ ಆ ಕಡೆಯಿಂದ ಚಹಾ ಬಿಟ್ಟು ಬೇರೇನೂ ಬಂದಿರಲಿಲ್ಲ.

"ನೀವು ನೋಡಿದ್ದೀರಾ ಅಕ್ಕಾ ಅದನ್ನು?" ಎಂದರು ಶೆಟ್ಟರು.

"ಅರ್ಧ."

ಶೆಟ್ಟರು ಅಪ್ಪನ ಕಡೆ ಒಮ್ಮೆ ನೋಡಿ, ನಿಧಾನವಾಗಿ ಹೇಳಿದರು. "ಅವಳು ಒಂದು ಶಾಲೆಯಲ್ಲಿ ಅಡಿಗೆ ಕೆಲಸಕ್ಕೆ ಸೇರ್ತಾಳೆ. ಜಾಸ್ತಿ ಎಂಥದ್ದೂ ಆಗುದಿಲ್ಲ. ಒಂದು ದಿವಸ ಗಂಡ ಬರ್ತಾನೆ, ಕರ್ಕೊಂಡು ಹೋಗ್ಲಿಕ್ಕೆ. ಅವಳು ಬಡಿಸ್ತಾಳೆ, ಅವನು ಉಣ್ತಾನೆ. ಅವಳು ಬಟ್ಟಲು ತೊಳೆದಿಟ್ಟು ಮಕ್ಕಳಿಗೆ ಬಡಿಸ್ಲಿಕ್ಕೆ ಹೋಗ್ತಾಳೆ. ಅವನು ಸ್ವಲ್ಪ ಹೊತ್ತು ಕೂತು, ಎದ್ದು ಹೋಗ್ತಾನೆ. ಅಷ್ಟೇ."

"ಬೈಯೂದಿಲ್ಲೇನು?"

"ಇಲ್ಲ."

"ಅಳೂದೂ ಇಲ್ಲ?"

"ಅಳುದೂ ಇಲ್ಲ."

"ಅದಕ್ಕಽ ಮುಳಗೇತಿ," ಎಂದು ಬಸವಂತಪ್ಪ ಕಾಕಾ ನಕ್ಕ. ಅವ್ವ ಕೈಯಲ್ಲಿದ್ದ ಸೋಸುವ ಜಾಳಿಗೆಯನ್ನೇ ನೋಡುತ್ತಿದ್ದಳು.

"ನಾ ಇಷ್ಟ ದಿನಾ ಆಕಿ ಸತ್ತಿರಬೇಕು ಅನಕೊಂಡಿದ್ದೆ," ಎಂದಳು.

ಅಪ್ಪ ತಲೆ ತಗ್ಗಿಸಿದ. ಅವನ ಕಿವಿಯ ತುದಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಬಾಗಿಲಲ್ಲಿ ಆಗಲೇ ಸೋಲಾಪುರದವರು ನಿಂತಿದ್ದರು: ಚಿಗವ್ವನ ಭಾವ, ಅವನ ಹಿಂದೆ ಒಬ್ಬ ಮುದುಕ. ಭಾವ ಕೆಟ್ಟವನಲ್ಲ. ಬಾಳೆಹಣ್ಣು, ಹೂವು ತಂದಿದ್ದ, ಬಗ್ಗಿ ಮಾತಾಡುತ್ತಿದ್ದ. ನೀರು ಕುಡಿದು, ಊರ ಕಡೆಯ ಮಳೆ ಬೆಳೆ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ. ಟಿವಿಯ ಮೇಲಿನ ಗೋಡೆಗೆ ಅಪ್ಪ ಪೇಪರಿನಿಂದ ಕತ್ತರಿಸಿ ಅಂಟಿಸಿದ್ದ ಆ ದೊಡ್ಡ ಪಿಕ್ಚರಿನ ಚಿತ್ರ ಅವನ ಕಣ್ಣಿಗೆ ಬಿತ್ತು.

"ಇದನ್ನ ನಮ್ಮ ತಮ್ಮನೂ ನೋಡ್ಯಾನ್ರೀ. ಸಣ್ಣ ಹುಡುಗನಂಗ ಅತ್ತ. ಮನಿಗೆ ಬಂದು ಉಣ್ಣಲಿಲ್ಲ. ತಪ್ಪಾತು, ಹೋಗಿ ಆಕಿನ್ನ ಕರಕೊಂಡ ಬಾ ಅಂದ. ಅವ ಈಗ ಮೊದಲಿನಂಗಿಲ್ಲ."

"ಕೇಳಿದ್ರಲ್ಲ!" ಎಂದು ಬಸವಂತಪ್ಪ ಕಾಕಾ ತೊಡೆ ತಟ್ಟಿದ. "ಪಿಕ್ಚರ್ ಅಂದ್ರ ಇದು. ಮನಷ್ಯಾನ್ನ ಬದಲ ಮಾಡ್ತು."

ಅಪ್ಪನ ಮುಖದಲ್ಲಿ ಒಂದು ಬೆಳಕು ಬಂದುಹೋಯಿತು. ತಾನು ನಂಬಿದ್ದು ನಿಜವಾಯಿತಲ್ಲ ಎಂಬ ಬೆಳಕು. ಅವನು ಚಿಗವ್ವನ ಕಡೆ ತಿರುಗಿದ. "ಕಸ್ತೂರಿ, ಏನಂತಿ ಅವ್ವಾ?"

ಚಿಗವ್ವ ಮೋರಿಯ ಪರದೆಯ ಪಕ್ಕ ನಿಂತಿದ್ದಳು. ದನಿ ಎತ್ತರಿಸಲಿಲ್ಲ. ದಿನಸಿ ಅಂಗಡಿಯಲ್ಲಿ ಬೇಕಾದ್ದನ್ನು ಹೇಳುವಷ್ಟೇ ದನಿ.

"ಅವ್ರ ಅಳ್ತಾರ ಮಾಮಾ. ನನಗ ಗೊತ್ತೈತಿ. ಪ್ರತಿ ಸಲ ಅಳ್ತಾರ. ಬೆಲ್ಟ್ ಮೊಳಿಗೆ ಹಾಕಿ, ನನ್ನ ಕಾಲ ಹಿಡಕೊಂಡ ಅಳ್ತಾರ. ನಾ ಸಮಾಧಾನ ಮಾಡಬೇಕು. ಸಮಾಧಾನ ಮಾಡೂದು ತಡಾ ಆದ್ರ ಮತ್ತ ಬೆಲ್ಟ್ ತಗೋತಾರ."

ಬೆಲ್ಟ್ ಎಂಬ ಮಾತನ್ನು ಅಪ್ಪ ಕೇಳಿದ್ದು ಅದೇ ಮೊದಲು. ಅವನು ಅವ್ವನನ್ನು ನೋಡಿದ. ಅವ್ವ ತಲೆಯಾಡಿಸಿದಳು. ಆಮೇಲೆ ಅವನು ನನ್ನನ್ನು ನೋಡಿದ, ನಾನೂ ತಲೆಯಾಡಿಸಿದೆ. ಮನೆಯ ಹೆಂಗಸರೆಲ್ಲರಿಗೂ ಗೊತ್ತಿದ್ದದ್ದು, ಮಗುವಿಗೂ ಗೊತ್ತಿದ್ದದ್ದು, ತನಗೊಬ್ಬನಿಗೇ ಗೊತ್ತಿರಲಿಲ್ಲ ಎಂಬುದು ಅವನಿಗೆ ಹೇಗೆ ನಾಟಿತೋ ಹೇಳಲಾರೆ. ಅವನು ಎದ್ದು, ಬಾಗಿಲ ಬಳಿಯಿದ್ದ ರೆಕ್ಸಿನ್ ಚೀಲವನ್ನು ಎತ್ತಿ ಮಂಚದ ಕೆಳಗೆ ನೂಕಿದ.

"ಆಕಿ ಬರೂದಿಲ್ರೀ," ಎಂದ ಭಾವನಿಗೆ. "ದೂರದಿಂದ ಬಂದೀರಿ. ಚಾ ಕುಡದ ಹೋಗ್ರಿ."

"ಏ, ತಪ್ಪ ಮಾಡಾಕತ್ತಿ ನೀ," ಎಂದು ಬಸವಂತಪ್ಪ ಕಾಕಾ ಎದ್ದು ನಿಂತ. "ನಾಳೆ ಮಂದಿ ಏನಂದಾರು? ಮನ್ಯಾಗ ಹೆಣ್ಣ ಹುಡಿಗಿ ಐತಿ."

"ಐತಿ. ಅದಕ್ಕಽ," ಎಂದ ಅಪ್ಪ.

ಬಸವಂತಪ್ಪ ಕಾಕಾ ಚಹಾ ಮುಟ್ಟದೆ ಸೋಲಾಪುರದವರ ಜೊತೆಗೇ ಇಳಿದು ಹೋದ. ಅವನು ಮತ್ತೆ ನಮ್ಮ ಖೋಲಿಗೆ ಬರಲಿಲ್ಲ. ಊರಿನಲ್ಲಿ ದೊಡ್ಡಪ್ಪ ಮಾತು ಬಿಟ್ಟ. ಅವನ ಮಗನ ಮದುವೆಗೆ ನಮಗೆ ಕರೆಯೇ ಬರಲಿಲ್ಲ, ಅಪ್ಪ ಆ ದಿನ ರಜೆ ಹಾಕದೆ ಕೆಲಸಕ್ಕೆ ಹೋದ. ಭಾನುವಾರಗಳು ಮೆಲ್ಲಗಾದವು. ಶೆಟ್ಟರೊಬ್ಬರೇ ಬರುತ್ತಿದ್ದರು, ಎದುರು ವಾದಿಸುವವನಿಲ್ಲದೆ ಅವರಿಗೂ ಹುರುಪಿರಲಿಲ್ಲ. ಅವ್ವ ಈಗ ಚಹಾ ಕೊಟ್ಟು ಅಲ್ಲೇ ಗೋಡೆಗೆ ಒರಗಿ ಕೂರುತ್ತಿದ್ದಳು, ಎಲ್ಲೋ ಒಮ್ಮೊಮ್ಮೆ ಒಂದು ಮಾತು ಹೇಳುತ್ತಿದ್ದಳು. ಅಪ್ಪ ಆ ದೊಡ್ಡ ಪಿಕ್ಚರನ್ನು ಎಂದೂ ಉಬ್ಬಿದ್ದು ಎಂದು ಒಪ್ಪಲಿಲ್ಲ. ಕೇಬಲಿನಲ್ಲಿ ಬಂದಾಗ ನೋಡುತ್ತಿದ್ದ, ಅಳುವ ಜಾಗದಲ್ಲಿ ಅಳುತ್ತಲೂ ಇದ್ದ. ಆಸ್ಪತ್ರೆಯ ದೃಶ್ಯ ಬರುವ ಹೊತ್ತಿಗೆ ಮಾತ್ರ ಎದ್ದು ಗ್ಯಾಲರಿಗೆ ಹೋಗಿ, ಹಾಡು ಮುಗಿದು ಅಕ್ಷರಗಳು ಬೀಳುವವರೆಗೂ ಕಟಕಟೆ ಹಿಡಿದು ಕೆಳಗಿನ ಓಣಿ ನೋಡುತ್ತ ನಿಲ್ಲುತ್ತಿದ್ದ. ಪ್ರೀತಿಸಿದ್ದನ್ನು ಪ್ರೀತಿಸುತ್ತಲೇ ಅದರ ಕೊನೆಗೆ ಬೆನ್ನು ತಿರುಗಿಸಿ ನಿಲ್ಲಬಹುದು ಎಂಬುದನ್ನು ನಾನು ಆ ಬೆನ್ನಿನಿಂದ ಕಲಿತೆ.

ಚಿಗವ್ವ ಮೊದಲು ನಾಲ್ಕು ಮನೆಗಳ ರೊಟ್ಟಿ ಬಡಿದಳು, ಆಮೇಲೆ ಪವಾಯಿಯ ಒಂದು ಹಾಸ್ಟೆಲಿನ ಅಡುಗೆಮನೆಗೆ ಸೇರಿದಳು. ಬಂದ ಮರುವರ್ಷ ನಮ್ಮ ಹಿಂದಿನ ಓಣಿಯಲ್ಲಿ ಅವಳಿಗೊಂದು ಖೋಲಿ ಸಿಕ್ಕಿತು, ನಮ್ಮದಕ್ಕಿಂತಲೂ ಸಣ್ಣದು. ಅವ್ವ ಎರಡು ಪಾತ್ರೆ, ಒಂದು ಸ್ಟವ್ ಕೊಟ್ಟಳು. ನಾನು ಅವಳ ಚಾಪೆ ಹೊತ್ತೆ. ಬಾಗಿಲು ತಗಡಿನದು, ಅದಕ್ಕೊಂದು ತಂತಿಯ ಕೊಂಡಿ ಮಾತ್ರ ಇತ್ತು. ಅಪ್ಪ ಆ ತಂತಿಯನ್ನು ಬೆರಳಿನಿಂದ ಅಲುಗಾಡಿಸಿ ನೋಡಿ ಕೆಲಸಕ್ಕೆ ಹೋದ. ಸಂಜೆ ವರ್ಕ್‌ಶಾಪಿನಿಂದ ಬರುವಾಗ ಹೆಬ್ಬೆರಳು ದಪ್ಪದ ಒಂದು ಅಗುಳಿ, ಅದು ಕೂರುವ ಪಟ್ಟಿ, ಡ್ರಿಲ್ಲು ತಂದಿದ್ದ. ಮುಖ ತೊಳೆಯದೆ, ಚಹಾ ಕುಡಿಯದೆ, ಮೊಣಕಾಲೂರಿ ಕೂತು ಅದನ್ನು ಒಳಗಡೆ ಕೂಡಿಸಿದ. ಆಮೇಲೆ ನಮ್ಮನ್ನೆಲ್ಲ ಹೊರಗೆ ಕರೆದು ತಾನೂ ಬಂದ.

"ಒಳಗಿಂದ ಹಾಕಿ ನೋಡವಾ, ಕಸ್ತೂರಿ."

ಬಾಗಿಲು ಮುಚ್ಚಿತು. ಕಬ್ಬಿಣ ಕಬ್ಬಿಣದೊಳಗೆ ಸರಿದು ಕೂತ ಸದ್ದು ಕೇಳಿಸಿತು. ಅಪ್ಪ ಅಂಗೈಯಿಂದ ದೂಡಿ ನೋಡಿದ. ಭುಜ ಕೊಟ್ಟ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಓಣಿಯವರೆಲ್ಲ ತಿರುಗಿ ನೋಡುವ ಹಾಗೆ, ಇಡೀ ಮೈಯ ಭಾರ ಹಾಕಿ ಬಡಿದ. ಬಾಗಿಲು ಅಲುಗಲಿಲ್ಲ. ಅವನು ಭುಜ ಉಜ್ಜಿಕೊಳ್ಳುತ್ತ ಅವ್ವನ ಕಡೆ ತಿರುಗಿದ.

"ನಾ ದೂಡಿದ್ರೂ ತೆರಿಯೂದಿಲ್ಲ ನೋಡು," ಎಂದ.

ಚಿಗವ್ವ ಬಹಳ ಹೊತ್ತು ಅಗುಳಿ ತೆಗೆಯಲಿಲ್ಲ. ನಾವು ಯಾರೂ ಅವಳನ್ನು ಕರೆಯಲಿಲ್ಲ, ಓಣಿಯಲ್ಲೇ ನಿಂತಿದ್ದೆವು.